ಎಲ್ಲ ಸ್ವಿಚ್ ಆಫ್ ಮಾಡಿದ ಮೇಲೂ...

ಬಿಂದುಶ್ರೀ ಪಾಲಿಟೆಕ್ನಿಕ್‌ನಲ್ಲಿ ಎನರ್ಜಿ ಸಿಸ್ಟಮ್ಸ್ ಡಿಪ್ಲೊಮಾಕ್ಕೆ ಸೇರಿದಾಗ ಬೇಡವೇ ಬೇಡ ಅಂದವರು ಒಬ್ಬರೇ... ಅವಳ ದೊಡ್ಡಪ್ಪ ತಿಪ್ಪೇಶಪ್ಪ.

"ಹೆಣ್ಣುಮಗಳಿಗೆ ಈ ವೈರು, ಮೀಟರು ಎಲ್ಲ ಯಾಕಮ್ಮ? ಬಿಎ ಮಾಡು, ಸಾಕು."

ಪಾಪ, ಎಷ್ಟು ಕಾಳಜಿ ನೋಡಿ...

ಅಪ್ಪ ತೀರಿಕೊಂಡ ಮೇಲೆ ಆ ಮನೆಗೆ ದಿಕ್ಕು ಅಂತ ಇದ್ದವರು ಅವರೇ. ಗೋಡೆಯಾಚೆಗೇ ಅವರ ಮನೆ, ಮನೆ ಮುಂದೆ ಕೂಲ್‌ಡ್ರಿಂಕ್ಸ್ ಅಂಗಡಿ.

ಸರ್ಕಾರದ ಉಚಿತ ಕರೆಂಟ್ ಯೋಜನೆಯಿಂದ ಬೀದಿಯವರಿಗೆಲ್ಲ ಸೊನ್ನೆ ಬಿಲ್ ಬಂದರೆ ಬಿಂದುಶ್ರೀಯ ಅಮ್ಮ ಹಾಲಮ್ಮನಿಗೆ ಮಾತ್ರ ಎದೆ ಧಸಕ್ಕೆನ್ನುವಂಥ ಬಿಲ್ ಬರುತ್ತಿತ್ತು.

ನೆಂಟರ ಮುಂದೆಯೇ ದೊಡ್ಡಪ್ಪ ನಗುತ್ತಿದ್ದರು... "ನಮ್ಮ ಹಾಲಮ್ಮಂಗೆ ಮನೆ ನಡೆಸೋಕೆ ಬರಲ್ಲ. ಮಗಳನ್ನ ಕಾಲೇಜು ಬಿಡಿಸಮ್ಮ, ಖರ್ಚಾದ್ರೂ ಉಳಿಯುತ್ತೆ."

ಹಾಲಮ್ಮ ಬೇಸಿಗೆಯಲ್ಲೂ ಫ್ಯಾನ್ ಹಾಕದೆ ಕೂತು ಬ್ಲೌಸ್ ಹೊಲಿದಳು. ಬಿಲ್ ಇಳಿಯಲಿಲ್ಲ. ಕೊನೆಗೆ ಸೋತುಹೋದಳು.

"ಸಾಕು ಮಗಳೇ... ಟಿಸಿ ತಗೊಂಡು ಬಂದ್ಬಿಡು."

ಅದೇ ವಾರ ಕಾಲೇಜಿನಲ್ಲಿ ಮೇಡಂ ಒಂದು ಹೋಂವರ್ಕ್ ಕೊಟ್ಟರು.

"ನಿಮ್ಮ ಮನೇಲಿ ಎಲ್ಲ ಸ್ವಿಚ್ ಆಫ್ ಮಾಡಿ ಮೀಟರ್ ನೋಡಿ. ಕೆಂಪು ದೀಪ ಮಿನುಗೋದು ನಿಲ್ಲಬೇಕು. ನಿಲ್ಲದಿದ್ರೆ ಕರೆಂಟ್ ಎಲ್ಲಿಗೋ ಹೋಗ್ತಿದೆ ಅಂತ ಅರ್ಥ."

ಸಂಜೆ ಬಿಂದುಶ್ರೀ ಎಲ್ಲ ಆಫ್ ಮಾಡಿ, ಮೇನ್ ಸ್ವಿಚ್ಚನ್ನೂ ಇಳಿಸಿ, ಜಗಲಿಯ ಮೀಟರ್ ಮುಂದೆ ಬಂದು ನಿಂತಳು.

ದೀಪ ಮಿನುಗುತ್ತಲೇ ಇತ್ತು...

ಮೀಟರ್ ಪಕ್ಕದ ಫ್ಯೂಸ್ ಕಿತ್ತಳು. ಪಕ್ಕದ ಅಂಗಡಿಯಲ್ಲಿ ದೊಡ್ಡಪ್ಪನ ಫ್ರಿಜ್‌ನ ದೀಪ ಆರಿಹೋಯಿತು. ಅವರ ಮನೆಯ ಟ್ಯೂಬ್‌ಲೈಟ್ ಮಾತ್ರ ಉರಿಯುತ್ತಲೇ ಇತ್ತು.

ಮತ್ತೆ ಹಾಕಿದಳು, ಫ್ರಿಜ್‌ನ ದೀಪ ಹೊತ್ತಿತು. ಮತ್ತೆ ಕಿತ್ತಳು, ಆರಿತು.

ಅಪ್ಪನ ಜಾಗದಲ್ಲಿ ಇಟ್ಟುಕೊಂಡಿದ್ದ ಮನುಷ್ಯ... ಈ ಓದು ಬೇಡ ಅಂತ ಅವರು ಯಾಕೆ ಅಷ್ಟು ಹಟ ಮಾಡಿದ್ದರು ಅಂತ ಈಗ ತಿಳಿಯಿತು.

ಅಮ್ಮನನ್ನು ಕರೆದು, ಫ್ಯೂಸ್ ಹತ್ತಿರದಿಂದ ಗೋಡೆಯಾಚೆಗೆ ಕದ್ದು ಎಳೆದಿದ್ದ ವೈರ್ ತೋರಿಸಿದಳು. ಅಷ್ಟರಲ್ಲಿ ದೊಡ್ಡಪ್ಪ ಹೊರಗೆ ಬಂದರು. ಅವಳ ಕೈಯಲ್ಲಿದ್ದ ಫ್ಯೂಸ್ ನೋಡಿ ಮುಖ ಬಿಳಿಚಿಕೊಂಡಿತು.

"ಒಂದೇ ಮನೆಯವರು... ನಿಂದು ನಂದು ಅಂತ ಏನಿದೆ?" ಅಂತ ತೊದಲಿದರು.

ಹಾಲಮ್ಮ ಕೂಗಾಡಲಿಲ್ಲ.

"ಕೇಳಿದ್ರೆ ನಾನೇ ಕೊಡ್ತಿದ್ದೆ ಭಾವ. ಮನೆ ನಡೆಸೋಕೆ ಬರಲ್ಲ ಅಂದ್ರಿ... ನಿಮ್ಮ ಮಾತು ನಂಬಿ ನನ್ನ ಮಗಳ ಓದು ನಿಲ್ಲಿಸೋಕೆ ಹೊರಟಿದ್ದೆನಲ್ಲ..."

ದೊಡ್ಡಪ್ಪ ಮೆಲ್ಲಗೆ ಅಂಗಡಿಯೊಳಗೆ ಸರಿದರು.

ಹಾಲಮ್ಮ ಮಗಳ ಕಡೆ ತಿರುಗಿದಳು. ಈಗ ಅವಳ ಕಣ್ಣು ತುಂಬಿ ಬಂದಿತ್ತು.

"ಆ ವೈರ್ ಬಿಚ್ಚೋದು ನಿನಗೆ ಗೊತ್ತಾ?"

"ಗೊತ್ತಮ್ಮ."

"ನೀನೇ ಬಿಚ್ಚು. ನಾನು ಟಾರ್ಚ್ ಹಿಡೀತೀನಿ."

•••

ಓದು ಬೇಡ ಅನ್ನುವವರೆಲ್ಲ ನಮ್ಮ ಒಳ್ಳೆಯದಕ್ಕೇ ಹೇಳುತ್ತಾರೆ ಅಂದುಕೊಳ್ಳಬಾರದು.

ನಿಮ್ಮ ಮನೆಯ ಹೆಣ್ಣುಮಗಳಿಗೆ "ಅದೆಲ್ಲ ನಿನಗ್ಯಾಕೆ" ಅಂದವರು ಯಾಕೆ ಹಾಗಂದರು... ಯಾವತ್ತಾದರೂ ಯೋಚಿಸಿದ್ದೀರಾ?