ಎರಡು ದೂರು

ಹ್ಯಾರಿಯೆಟ್‌ಳ ಬೆಲ್ ಮತ್ತೆ ಸದ್ದು ಮಾಡಿತು. ಕಾರ್ಮೆಲ್ ಔಷಧಿಯ ಟ್ರಾಲಿ ಹಿಡಿದುಕೊಂಡು ಹೆರಿಗೆ ವಾರ್ಡಿನ ಕಾರಿಡಾರಿನಲ್ಲಿ ನಿಂತುಬಿಟ್ಟಳು. ಬೆಳಗಿನಿಂದ ಆ ಬೆಲ್ ಕೇಳಿದರೆ ಸಾಕು, ಅವಳಿಗೆ ಭಯವಾಗುತ್ತಿತ್ತು. ಹ್ಯಾರಿಯೆಟ್ ಇಂಗ್ಲೆಂಡಿನವಳು, ಕುವೈತಿನ ಒಂದು ಶಾಲೆಯಲ್ಲಿ ಟೀಚರ್, ಮೊನ್ನೆ ಹೆತ್ತವಳು. ಚಹಾ ತಣ್ಣಗಾಗಿದೆ, ದಿಂಬು ಗಟ್ಟಿ, ಎಸಿ ಸಾಲದು ಎಂದು ಅವಳು ಹೇಳದ ದೂರಿರಲಿಲ್ಲ. ಹೇಳುವುದೂ ಮುಖಕ್ಕೆ ಹೊಡೆದ ಹಾಗೆ. "ಇದನ್ನು ನಾನು ಒಪ್ಪುವುದಿಲ್ಲ ಸಿಸ್ಟರ್. ಯಾರ ಹತ್ತಿರ ಮಾತಾಡಬೇಕು ಹೇಳಿ."

ಆ ಕೊನೆಯ ಮಾತೇ ಕಾರ್ಮೆಲ್‌ಳನ್ನು ಹೆದರಿಸಿತ್ತು. ಇಂಥದೇ ಒಂದು ದೂರಿಗೆ ಹೋದ ತಿಂಗಳು ಝೀನತ್ ಎಂಬ ನರ್ಸ್ ಕೆಲಸ ಕಳೆದುಕೊಂಡು ಊರಿಗೆ ಹೋಗಿದ್ದಳು. ಗಂಡ ಸೈಮನ್‌ನ ಕಂಪನಿ ಮುಚ್ಚಿದ ಮೇಲೆ ರಿಗ್ಗೈ ಬಡಾವಣೆಯ ಬಾಡಿಗೆ ಮನೆ, ಮಗಳ ಶಾಲೆ ಎಲ್ಲವೂ ಕಾರ್ಮೆಲ್‌ಳ ಕೆಲಸವೊಂದನ್ನೇ ನೆಚ್ಚಿಕೊಂಡಿದ್ದವು. ಇಂದು ಜೊತೆಗಿರಬೇಕಾದ ನರ್ಸ್ ಬೇರೆ ರಜೆ.

ಅದೇ ಕೋಣೆಯಲ್ಲಿ, ಪರದೆಯ ಆಚೆಗೆ ಲಿನ್ ಇದ್ದಳು. ವಿಯೆಟ್ನಾಮಿನ ಹುಡುಗಿ, ನಿನ್ನೆ ಸಂಜೆ ಸಿಸೇರಿಯನ್ ಆದವಳು. ಗಂಡ ದೂರದ ರಿಫೈನರಿಯಿಂದ ಕೆಲಸ ಮುಗಿಸಿ ಬರಬೇಕಿತ್ತು. ಎಲ್ಲ ಪೇಷಂಟುಗಳೂ ಇವಳ ಹಾಗಿದ್ದರೆ ಎಷ್ಟು ಸುಖ ಎಂದು ಕಾರ್ಮೆಲ್ ಬೆಳಿಗ್ಗೆ ಅಂದುಕೊಂಡಿದ್ದಳು. ನೋವಿದೆಯಾ ಎಂದರೆ, "ಸ್ವಲ್ಪ, ಪರವಾಗಿಲ್ಲ" ಎಂದು ಲಿನ್ ನಗುತ್ತಿದ್ದಳು. ಹ್ಯಾರಿಯೆಟ್‌ಳ ಕಾಟ ತಡೆಯಲಾಗದೆ ಮಧ್ಯಾಹ್ನ ಎಸಿ ಜೋರು ಮಾಡಿದಾಗ ಲಿನ್ ಹೊದಿಕೆಯನ್ನು ಕುತ್ತಿಗೆಯವರೆಗೆ ಎಳೆದುಕೊಂಡಿದ್ದಳು.

"ಚಳಿಯಾ?"

"ಇಲ್ಲ, ಇಲ್ಲ. ಅವರಿಗೆ ಸೆಖೆ ಅಲ್ವಾ." ಸ್ವಲ್ಪ ತಡೆದು ಲಿನ್ ಕೇಳಿದಳು, "ಸಿಸ್ಟರ್, ನಿಮಗೆ ತುಂಬಾ ಕೆಲಸವಾ? ಊಟ ಆಯ್ತಾ?"

"ಆಯ್ತು, ಆಯ್ತು" ಎಂದ ಕಾರ್ಮೆಲ್, ಬಿಪಿ ನೋಡಲೆಂದು ತೋಳಿಗೆ ಸುತ್ತುವ ಪಟ್ಟಿಯನ್ನು ಕೈಗೆತ್ತಿಕೊಂಡಿದ್ದಳು. ಅಷ್ಟರಲ್ಲಿ ಹ್ಯಾರಿಯೆಟ್‌ಗೆ ಬೇರೆ ದಿಂಬು ಬೇಕಾಯಿತು. ಪಟ್ಟಿ ಅಲ್ಲೇ ಉಳಿಯಿತು.

ಬೆಲ್ ಈಗ ನಿಲ್ಲದೆ ಬಡಿದುಕೊಳ್ಳುತ್ತಿತ್ತು. ಏನು ಹೇಳಿ ಸಮಾಧಾನ ಮಾಡಬೇಕೆಂದು ಮನಸ್ಸಿನಲ್ಲೇ ಕೂಡಿಸಿಕೊಳ್ಳುತ್ತ ಕಾರ್ಮೆಲ್ ಒಳಗೆ ಹೋದಳು. ಹ್ಯಾರಿಯೆಟ್ ಮಂಚದಿಂದ ಇಳಿದು, ಬರಿಗಾಲಿನಲ್ಲಿ, ಒಂದು ಕೈಯಿಂದ ಗೋಡೆ ಹಿಡಿದು ನಿಂತಿದ್ದಳು.

"ಸಾರಿ ಮ್ಯಾಡಂ, ಎಸಿ ಮೆಕ್ಯಾನಿಕ್‌ಗೆ..."

"ನನಗಲ್ಲ! ಅವಳಿಗೆ!" ಹ್ಯಾರಿಯೆಟ್ ಪರದೆಯನ್ನು ಎಳೆದೇಬಿಟ್ಟಳು. "ನೀರು ಕೇಳ್ತಾನೇ ಇದ್ದಾಳೆ. ಕೇಳಿದಾಗೆಲ್ಲ ನನಗೆ ಸಾರಿ ಅಂತಾಳೆ. ಈಗ ಕರೆದರೆ ಉತ್ತರವೇ ಇಲ್ಲ. ಎಷ್ಟು ಹೊತ್ತಿನಿಂದ ಬೆಲ್ ಒತ್ತುತ್ತಿದ್ದೇನೆ, ಎಲ್ಲಿದ್ದಿರಿ ನೀವು?"

ಲಿನ್‌ಳ ತುಟಿಗಳು ಬಿಳಿಚಿಕೊಂಡಿದ್ದವು. ಹಣೆಯ ಮೇಲೆ ತಣ್ಣನೆಯ ಬೆವರು. ನಾಡಿ ಬೆರಳಿಗೆ ಸಿಕ್ಕಿದ ಹಾಗೆಯೂ ಇತ್ತು, ಸಿಗದ ಹಾಗೆಯೂ ಇತ್ತು. ಕಾರ್ಮೆಲ್ ಹೊದಿಕೆ ಸರಿಸಿದಳು. ಗಾಯದ ಬ್ಯಾಂಡೇಜಿನಲ್ಲಿ ರಕ್ತದ ಕಲೆಯೂ ಇರಲಿಲ್ಲ, ಆದರೆ ಹೊಟ್ಟೆ ಉಬ್ಬಿ ಬಿಗಿದುಕೊಂಡಿತ್ತು. ರಕ್ತ ಹೊಟ್ಟೆಯೊಳಗೇ ಸೋರುತ್ತಿದೆ ಎಂದು ಅವಳಿಗೆ ಹೊಳೆಯಿತು. ತುರ್ತು ಗುಂಡಿಯನ್ನು ಒತ್ತಿದಳು.

ಲಿನ್ ಅರೆಗಣ್ಣು ತೆರೆದಳು. "ಸಾರಿ ಸಿಸ್ಟರ್. ಸ್ವಲ್ಪ ಸುಸ್ತು, ಅಷ್ಟೇ."

ಡಾಕ್ಟರು ಓಡಿ ಬಂದರು. ಮಂಚವನ್ನು ತಳ್ಳಿಕೊಂಡು ಆಪರೇಷನ್ ಥಿಯೇಟರಿನತ್ತ ಹೊರಟಾಗ ಲಿನ್‌ಳ ಕೂಸು ತೊಟ್ಟಿಲಲ್ಲಿ ಚೀರತೊಡಗಿತು. ಹ್ಯಾರಿಯೆಟ್ ಯಾರನ್ನೂ ಕೇಳದೆ ಅದನ್ನೆತ್ತಿ ಎದೆಗೊತ್ತಿಕೊಂಡಳು. ಥಿಯೇಟರಿನ ಬಾಗಿಲು ಮುಚ್ಚಿದ ಮೇಲೆ ಕಾರ್ಮೆಲ್‌ಗೆ ವಾರ್ಡಿಗೆ ಮರಳದೆ ಗತಿಯಿರಲಿಲ್ಲ. ಮಾತ್ರೆ ಹಂಚಿದಳು, ಡ್ರಿಪ್ ಬದಲಿಸಿದಳು, ಫೋನ್ ಬಂದಾಗೆಲ್ಲ ಬೆಚ್ಚಿಬಿದ್ದಳು. ಲಿನ್‌ಳ ಗಂಡ ಹೂವು ಹಿಡಿದುಕೊಂಡು ಬಂದರೆ ಏನು ಹೇಳುವುದು? ಒಂದು ಸಲ ಬಿಪಿ ನೋಡಿದ್ದಿದ್ದರೆ? ಒಂದೇ ಒಂದು ಸಲ? ಕತ್ತಲಾಗುವ ಹೊತ್ತಿಗೆ ಸುದ್ದಿ ಬಂತು. ರಕ್ತ ನಿಂತಿದೆ, ಜೀವಕ್ಕೆ ಅಪಾಯವಿಲ್ಲ. ಕಾರ್ಮೆಲ್ ಸ್ಟೋರ್‌ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತಳು.

ಎರಡು ದಿನ ಬಿಟ್ಟು ಮೇಟ್ರನ್ ಆಲಿವ್ ಕರೆಸಿದರು. ಅವರೂ ಕಾರ್ಮೆಲ್‌ಳ ಹಾಗೆ ಮಂಗಳೂರಿನ ಕಡೆಯವರೇ.

"ನಿನ್ನ ಮೇಲೆ ಕಂಪ್ಲೇಂಟ್ ಉಂಟು ಮಾರಾಯ್ತಿ. ಬೆಲ್ ಹೊಡೆದರೂ ನೀನು ಬರ್ಲಿಲ್ಲ ಅಂತ ಆ ಇಂಗ್ಲಿಷಿನವಳು ಹೇಳಿದ್ದಾಳೆ."

"ಹೌದು ಮೇಡಂ. ನಾನು ತಡ ಮಾಡಿದೆ." ಕಾರ್ಮೆಲ್ ತಲೆ ಎತ್ತಲಿಲ್ಲ. "ಮಧ್ಯಾಹ್ನದ ಬಿಪಿಯೂ ನೋಡಿರ್ಲಿಲ್ಲ."

ಆಲಿವ್ ಎದುರಿನ ಫೈಲು ಮುಚ್ಚಿದರು. "ಇನ್ನು ಹಾಗಾಗ್ಬಾರ್ದು, ಗೊತ್ತಾಯ್ತಾ? ಒಬ್ಬಳನ್ನೇ ಡ್ಯೂಟಿಗೆ ಹಾಕಿದ್ದು ನಮ್ಮದೂ ತಪ್ಪು, ನಾನು ಮೇಲೆ ಮಾತಾಡ್ತೇನೆ. ನಿನ್ನ ಅದೃಷ್ಟ, ಆ ವಿಯೆಟ್ನಾಮಿನ ಹುಡುಗಿಗೆ ನಿನ್ನ ಮೇಲೆ ಏನೂ ಬೇಜಾರಿಲ್ಲ. ನಾನೇ ಹೋಗಿ ಕೇಳಿದೆ. ಹೊಗಳಿದ್ದೇ ಹೊಗಳಿದ್ದು!"

"ಏನಂದಳು?"

"ಸಿಸ್ಟರ್ ತುಂಬಾ ಒಳ್ಳೆಯವರು, ತುಂಬಾ ಜೋರಾಗಿ ನಡೀತಾರೆ, ಕರೆಯುವಷ್ಟರಲ್ಲಿ ಹೋಗಿರ್ತಾರೆ ಅಂದಳು." ಆಲಿವ್ ನಕ್ಕರು.

ಕಾರ್ಮೆಲ್‌ಗೆ ನಗು ಬರಲಿಲ್ಲ. ಹ್ಯಾರಿಯೆಟ್‌ಳ ದೂರಿಗೆ ಏನು ಹೇಳಬೇಕೆಂದು ದಾರಿಯುದ್ದಕ್ಕೂ ಯೋಚಿಸಿಕೊಂಡು ಬಂದಿದ್ದಳು. ಲಿನ್‌ಳ ಈ ದೂರಿಗೆ ಏನು ಹೇಳುವುದೆಂದು ಅವಳಿಗೆ ತಿಳಿಯಲಿಲ್ಲ.