ಬೇಡಿ ಪಡೆದ ಪಾಳಿ

"ಸೊಂಟನೋವು ಅಂತ ಮನ್ಯಾಗ ಸುಳ್ಳು ಹೇಳೇನ್ರಿ," ಎಂದ ಪುಂಡಲೀಕ, ಫಿಸಿಯೋಥೆರಪಿಸ್ಟ್ ಸಿದ್ದಲಿಂಗನಿಗೆ. ಹೆಂಡತಿಯೊಡನೆ ಕೂಡುವಾಗ ನೋವಾಗುತ್ತದೆಂದು ಹೇಳಲಾಗದೆ ಅವನು ಕಾಗದದ ಮಿಲ್ಲಿನಲ್ಲಿ ರಾತ್ರಿ ಪಾಳಿಯನ್ನೇ ಬೇಡಿ ಪಡೆಯುತ್ತಿದ್ದ.

"ಒಳಗಿನ ಸ್ನಾಯು ಬಿಗಿ ಹಿಡದಾವ, ವ್ಯಾಯಾಮ ಮಾಡಿದ್ರ ಸಡಲಾಗ್ತಾವ. ವೈನಿಗೆ ಖರೇ ಹೇಳ್ರಿ," ಎಂದು ಸಿದ್ದಲಿಂಗ ಹೊರಗೆ ಕುಳಿತಿದ್ದ ಅವನ ಹೆಂಡತಿ ಸುವರ್ಣಾಳನ್ನು ಒಳಗೆ ಕಳಿಸಿ, ಬಾಗಿಲು ಮುಂದೆ ಮಾಡಿ ತಾನು ಹೊರಗೇ ನಿಂತ.

ಪುಂಡಲೀಕ ಗೋಡೆ ನೋಡುತ್ತ ಎಲ್ಲ ಹೇಳಿದ.

"ರಾತ್ರಿ ಪಾಳಿ ಹಾಕ್ತಾನಂತ ಬಾಯಿಲೆ ಸುಪರ್‌ವೈಸರಗ ಬೈತಿದ್ದೆ," ಎಂದಳು ಸುವರ್ಣಾ. "ಮನಸಿನ್ಯಾಗ, ನಾನ ನಿಮಗ ಬ್ಯಾಡಾಗೇನಿ ಅನ್ಕೊಂಡಿದ್ದೆ."

"ಹುಚ್ಚಿ..." ಅವನು ಗೋಡೆ ಬಿಟ್ಟು ಅವಳತ್ತ ತಿರುಗಿದ.

"ಏನ್ ವ್ಯಾಯಾಮ ಹೇಳ್ಯಾರ?"

"ಹೊಟ್ಟಿ ಉಬ್ಬುವಂಗ ಉಸಿರು ತಗೊಂಡು, ಸಾವಕಾಶ ಬಿಡಬೇಕಂತ."

ಅವಳು ಅಂಗೈಯನ್ನು ಅವನ ಹೊಟ್ಟೆಯ ಮೇಲಿಟ್ಟಳು. "ತಗೋರಿ, ನೋಡೂಣು."

ಅವನು ಉಸಿರು ತೆಗೆದುಕೊಂಡ, ಬಿಟ್ಟ. ಅವಳು ಕೈ ತೆಗೆಯಲಿಲ್ಲ.