ಬಚ್ಚಲಿಂದ ಅಡುಗೆಮನೆಗೆ

"ಮುಟ್ಟಬ್ಯಾಡ ಅಖ್ತರ. ಸ್ನಾನ ಆಗ್ಯಾದ, ಮಡ್ಯಾಗಿದ್ದೀನಿ."

ಅಖ್ತರ ಬೇಗಂ ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡಳು. ಸುಮಿತ್ರಾಬಾಯಿ ಒದ್ದೆ ಸೀರೆಯುಟ್ಟು ಬಚ್ಚಲ ಬಾಗಿಲಲ್ಲಿ ಕುರ್ಚಿಯ ಮೇಲೆ ಕುಳಿತಿದ್ದರು. ಸೋಲಾಪುರದಲ್ಲಿ ಸೊಂಟದ ಕೀಲಿನ ಆಪರೇಶನ್ ಮಾಡಿಸಿಕೊಂಡು ಶಹಾಬಾದಿಗೆ ಬಂದಾಗಿನಿಂದ, ಕಾರ್ಖಾನೆ ದವಾಖಾನೆಯ ನರ್ಸ್ ಅಖ್ತರ ದಿನಾ ಬೆಳಿಗ್ಗೆ ಬಂದು ಅವರಿಗೆ ಕಾಲಿನ ವ್ಯಾಯಾಮ ಮಾಡಿಸುತ್ತಿದ್ದಳು. ಕಾಲಿಗೆ ಬಲ ಬಂದಿತ್ತು. ಅಂಜಿಕೆ ಮಾತ್ರ ಹೋಗಿರಲಿಲ್ಲ. ಅಖ್ತರಳ ಇಲ್ಲವೆ ಮಗ ಜಯತೀರ್ಥನ ಹೆಗಲು ಬಿಟ್ಟು ಒಂದು ಹೆಜ್ಜೆಯನ್ನೂ ಇಡುತ್ತಿರಲಿಲ್ಲ. ಹೀಗೇ ಬಿಟ್ಟರೆ ಜೀವಮಾನವೆಲ್ಲ ಇನ್ನೊಬ್ಬರ ಹೆಗಲೇ ಗತಿ ಎಂದು ಡಾಕ್ಟರು ಹೇಳಿದ್ದರು. ಮೊದಲೇ ತಾನು ಕೈ ಬಿಡಿಸಬೇಕಿತ್ತೇನೋ ಎಂದು ಅಖ್ತರಳಿಗೆ ಒಳಗೊಳಗೇ ಕೊರೆಯುತ್ತಿತ್ತು.

"ಇವತ್ತ್ಯಾಕ್ರಿ ಬಾಯಿ ಮಡಿ?"

"ಸೊಸಿ ಹೊರಗ ಕುಂತಾಳ. ದೇವರ ನೈವೇದ್ಯಕ್ಕ ಅಡಗಿ ಮಾಡೋರು ಯಾರು? ಜಯತೀರ್ಥ ನನ್ನ ಇಲ್ಲೀತನಕ ತಂದು ಕೂಡಿಸಿ ಡ್ಯೂಟಿಗೆ ಹೋದ. ನಾ ನೀರು ಸುರಕೊಂಡೆ." ಸುಮಿತ್ರಾಬಾಯಿಯ ದನಿ ಸಣ್ಣದಾಯಿತು. "ಅಡಗಿಮನೀತನಕ ಹೆಂಗ ಹೋಗೋದಂತ ಆಮ್ಯಾಲ ನೆನಪಾತು."

ಮುಟ್ಟಾಗಿ ಹಿತ್ತಲ ಕೋಣೆಯಲ್ಲಿ ಬೇರೆ ಕುಳಿತಿದ್ದ ಸೊಸೆ ರುಕ್ಮಿಣಿ ಕಿಸಕ್ಕನೆ ನಕ್ಕಳು. "ಅತ್ಯಾ, ಅವರು ಬರೋತನಕ ಅಲ್ಲೇ ಕುಂತು ಜಪಾ ಮಾಡ್ರಿ."

"ನಗು, ನಗು. ದೇವರು ಉಪವಾಸ ಕುಂತ್ರ ನೀನೂ ಉಪವಾಸನ."

ನಗು ನಿಂತಿತು. ಸುಮಿತ್ರಾಬಾಯಿ ಗೋಡೆಗೆ ಒರಗಿದ್ದ ಕೋಲನ್ನು ನೋಡಿದರು. ಅದನ್ನು ಮನೆಯವರೆಲ್ಲ ಮುಟ್ಟಿದ್ದರು. ಬಕೆಟ್ಟಿನಲ್ಲಿ ಉಳಿದಿದ್ದ ನೀರನ್ನು ಅದರ ಮೇಲೆ ಸುರಿದು, ಕೋಲಿಗೂ ಸ್ನಾನ ಮಾಡಿಸಿದರು. ಅಖ್ತರ ನೆಲದ ಫರಸಿಕಲ್ಲನ್ನು ಒರೆಸಿ ಒಣಗಿಸಿದಳು. ಸುಮಿತ್ರಾಬಾಯಿ ಬಿದ್ದು ಸೊಂಟ ಮುರಿದುಕೊಂಡದ್ದು ಇಂಥದೇ ಒದ್ದೆ ಕಲ್ಲಿನ ಮೇಲೆ.

"ಬಿದ್ರ ಹಿಡೀತೀನ್ರಿ. ಆಮ್ಯಾಲ ಬೈಬ್ಯಾಡ್ರಿ."

"ಹಿಡಿ. ಆದ್ರ ಮತ್ತ ಸ್ನಾನ ಮಾಡಬೇಕಾಗತದ. ಬಂಬಿನಾಗ ಬಿಸಿನೀರು ತೀರ್ಯಾವ."

ಸುಮಿತ್ರಾಬಾಯಿ ಎದ್ದರು. ಅಖ್ತರ ಎರಡೂ ತೋಳು ಅಗಲಿಸಿ, ಕೋಳಿ ಹಿಡಿಯಲು ಹೊರಟವಳ ಹಾಗೆ, ಅವರೆದುರು ಹಿಂದೆ ಹಿಂದೆ ಸರಿಯುತ್ತ ನಡೆದಳು. ಪಡಸಾಲೆಯ ನಡುವೆ ಸುಮಿತ್ರಾಬಾಯಿ ಒಮ್ಮೆ ವಾಲಿದರು. ಅಖ್ತರಳ ಅಂಗೈ ಸೀರೆಯ ಹತ್ತಿರಕ್ಕೆ ಹೋಗಿಬಿಟ್ಟಿತು.

"ದೂರ, ದೂರ," ಎನ್ನುತ್ತ ಸುಮಿತ್ರಾಬಾಯಿ ಕೋಲು ಊರಿ ತಾವೇ ನೆಟ್ಟಗಾದರು. ಹಿತ್ತಲ ಬಾಗಿಲಲ್ಲಿ ರುಕ್ಮಿಣಿ ಬಾಯಿಗೆ ಸೆರಗು ಒತ್ತಿಕೊಂಡು ನಿಂತಿದ್ದಳು. ಮತ್ತೊಂದು ಹೆಜ್ಜೆ, ಮತ್ತೊಂದು. ಅಡುಗೆಮನೆಯ ಹೊಸ್ತಿಲಲ್ಲಿ ಅಖ್ತರ ಪಕ್ಕಕ್ಕೆ ಸರಿದಳು. ಸುಮಿತ್ರಾಬಾಯಿ ಹೊಸ್ತಿಲು ದಾಟಿ, ಮಗ ಹಾಕಿಟ್ಟಿದ್ದ ಎತ್ತರದ ಸ್ಟೂಲಿನ ಮೇಲೆ ಕುಳಿತು, ಕಟ್ಟೆಯ ಮೇಲಿನ ಶೇಗಡಿಗೆ ಇದ್ದಲಿ ಹಾಕತೊಡಗಿದರು.

ದವಾಖಾನೆಗೆ ತಡವಾಗುತ್ತದೆಂದು ಗೊತ್ತಿದ್ದರೂ ಅಖ್ತರ ಹೋಗಲಿಲ್ಲ. ಪಡಸಾಲೆಯಲ್ಲಿ ಕುಳಿತು ಪಾತ್ರೆಗಳ ಸದ್ದನ್ನೇ ಆಲಿಸಿದಳು. ಕೊನೆಗೆ ಒಳಗಿನಿಂದ ಗಂಟೆಯ ಸದ್ದು ಕೇಳಿಸಿತು. ಸುಮಿತ್ರಾಬಾಯಿ ಹೊಸ್ತಿಲಿಗೆ ಬಂದು ನಿಂತರು. ಮೂಗಿನ ಮೇಲೆ ಮಸಿ, ಮುಖದ ತುಂಬ ಸಮಾಧಾನ. ಎಂದಿನಂತೆ ಕೈ ಮುಂದೆ ಚಾಚಿದರು.

"ನೈವೇದ್ಯ ಆತು. ಇನ್ನ ಮುಟ್ಟಿದ್ರ ನಡೀತದ. ಹಿಡಕೋ ಬಾರವಾ, ಹಾಸಿಗೀತನಕ."

ಅಖ್ತರ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

"ಆಗಂಗಿಲ್ರಿ ಬಾಯಿ. ಈಗ ನಾ ಮಡ್ಯಾಗಿದ್ದೀನಿ."